ಮಡಿಸುವ ಚೀಲವೂ ಲ್ಯಾಪ್‌ಟಾಪಿನ ರಕ್ಷಣೆಯೂ

ಕಳೆದ ತಿಂಗಳು, ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿಯದಂತೆ ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ವಾಚಕರೊಡನೆ ನಾಲ್ಕು ಮಾತು ಆಡಿದ್ದೆವು. ಈ ತಿಂಗಳು ಅದಕ್ಕೆ ಸಮೀಪದ ಇನ್ನೊಂದು ವಿಷಯವನ್ನು ಎತ್ತಿಕೊಳ್ಳುತ್ತೇವೆ. ವಿಷಯವು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಒಂದು ಬೆನ್ನುಚೀಲ, ಅದೂ ಮಡಿಸಿದರೆ ಅಂಗೈಯಲ್ಲಿ ಅಡಗುವಂಥದು. ಇಂಥ ಚೀಲಕ್ಕಾಗಿ ಒಂದು ಲೇಖನವೇ ಎಂದು ಗೃಹಸ್ಥರು ನಗಬಹುದು. ಆದರೆ ಹೋದ ವರ್ಷ ಈ ಚೀಲದ ದೆಸೆಯಿಂದ ನಮ್ಮ ಮನೆಯ ಚೌತಿಯ ಹಬ್ಬವು ಕಳೆಗುಂದಿತು. ಅದಕ್ಕೆ ಹೊಣೆಗಾರರು ಬೇರೆ ಯಾರೂ ಅಲ್ಲ, ನಾವೇ. ಮೂವತ್ತು ವರ್ಷಗಳಿಗೆ ಮಿಕ್ಕಿ ಮಕ್ಕಳ ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದಿದವರು ತಮ್ಮ ತಪ್ಪನ್ನು ಮುಚ್ಚಿಡುವದು ನ್ಯಾಯವಲ್ಲ. ಆದುದರಿಂದ ನಡೆದುದನ್ನು ನಡೆದಂತೆ ಹೇಳಿ, ಅದರಿಂದ ಕಲಿತುದನ್ನು ವಾಚಕರ ಮುಂದಿಡುತ್ತೇವೆ.

ನಮ್ಮ ವಜ್ರಳ್ಳಿಯು ಯಲ್ಲಾಪುರ ತಾಲೂಕಿನ ಅಡಿಕೆ ತೋಟಗಳ ಊರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ಸೀಮೆಗಳಲ್ಲಿ ಇಂದು ಎಷ್ಟೋ ಹಳ್ಳಿಗಳ ಸ್ಥಿತಿಯು ಒಂದೇ ತೆರನಾಗಿದೆ: ಕಣಿವೆಯಲ್ಲಿ ತೋಟ, ಅದರ ಮೇಲೆ ದೊಡ್ಡ ಮನೆ, ಮನೆಯಲ್ಲಿ ವಯಸ್ಸಾದ ಇಬ್ಬರೇ. ಮಕ್ಕಳು ಓದಿದರು, ಬೆಂಗಳೂರಿಗೆ ಹೋದರು. ಇದರಲ್ಲಿ ಅವರನ್ನು ದೂರುವಂಥದೇನೂ ಇಲ್ಲ. ಓದಿಸಿದವರು ನಾವೇ ಅಲ್ಲವೆ? ೨೦೨೦ನೆಯ ಇಸವಿಯ ಮಾರ್ಚಿನಲ್ಲಿ ಕೋವಿಡ್ ರೋಗದ ಭಯದಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಅದೇ ಮಕ್ಕಳು ಲ್ಯಾಪ್‌ಟಾಪುಗಳನ್ನು ಹೊತ್ತುಕೊಂಡು ಊರಿಗೆ ಬಂದರು. ನೆಟ್‌ವರ್ಕು ಸಿಗುವ ಗುಡ್ಡದ ನೆತ್ತಿಯನ್ನು ಹುಡುಕಿ, ಅಲ್ಲಿ ಕುಳಿತು ಕೆಲಸ ಮಾಡಿದರು. ರೋಗವು ಇಳಿದ ಮೇಲೆಯೂ ಕೆಲವು ಕಂಪನಿಗಳು ತಿಂಗಳಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುವ ಅನುಮತಿಯನ್ನು ಉಳಿಸಿಕೊಂಡಿವೆ. ಹೀಗಾಗಿ ಈ ಯಂತ್ರವು ನಮ್ಮ ಕಡೆಯ ಮಕ್ಕಳಿಗೆ ಮನೆಗೆ ಬರುವ ರಹದಾರಿಯೇ ಆಗಿದೆ. ಯಂತ್ರವು ಕ್ಷೇಮವಾಗಿ ಬಂದರೆ ಮಗು ಬರುವದು. ಯಂತ್ರವು ಬಾರದಿದ್ದರೆ ಮಗುವೂ ಬಾರದು.

ನಮ್ಮ ತಮ್ಮನ ಮಗಳು ಇಂಥವರಲ್ಲಿ ಒಬ್ಬಳು. ತಿಂಗಳಲ್ಲಿ ಹತ್ತು ಹನ್ನೆರಡು ದಿನ ತಂದೆತಾಯಿಗಳ ಹತ್ತಿರ ಇದ್ದು, ಹಗಲು ತನ್ನ ಕೆಲಸವನ್ನು ಮಾಡಿ, ಸಂಜೆ ಕೊಟ್ಟಿಗೆಯ ಕಡೆಗೂ ಒಮ್ಮೆ ಹೋಗಿ ಬರುವಳು. ಮಲೆನಾಡಿನ ಮಳೆಗಾಲವನ್ನು ವಾಚಕರಲ್ಲಿ ಅನೇಕರು ಬಲ್ಲರು. ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದರೆ ಮೂರು ದಿನ ದೀಪವಿಲ್ಲ. ೨೦೨೧ನೆಯ ಇಸವಿಯ ಜುಲೈ ತಿಂಗಳಲ್ಲಿ ನಮ್ಮ ಸಮೀಪದ ಕಳಚೆಯಲ್ಲಿ ಗುಡ್ಡಗಳು ಕುಸಿದು ತೋಟಗಳೂ ಮನೆಗಳೂ ಹಾಳಾದುದನ್ನೂ, ಅರಬೈಲು ಘಟ್ಟದಲ್ಲಿ ಮಣ್ಣು ಜರಿದು ಹೆದ್ದಾರಿಯ ಸಂಚಾರವೇ ನಿಂತುದನ್ನೂ ನಾವು ಮರೆತಿಲ್ಲ. ಇಂಥ ಸೀಮೆಯಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಎಷ್ಟೋ ದಿನ ಯಂತ್ರವನ್ನು ಹೊತ್ತುಕೊಂಡು ವಿದ್ಯುತ್ತು ಇರುವ ಸ್ಥಳಕ್ಕೆ ಹೋಗದೆ ಗತಿಯಿಲ್ಲ. ಆಕೆಯ ಬಳಿ ಇದ್ದ ದೊಡ್ಡ ಚೀಲವು ಖಾಲಿಯಿದ್ದಾಗಲೇ ಒಂದೂವರೆ ಕಿಲೋ ತೂಗುತ್ತಿದ್ದಿತು. ಅದನ್ನು ಕಂಡು ಮರುಗಿದ ನಾವು ಪೇಟೆಗೆ ಹೋದಾಗ ನೂರು ಗ್ರಾಮಿಗೂ ಕಡಿಮೆ ತೂಕದ, ಮಡಿಸಿದರೆ ಒಂದು ಕಿತ್ತಳೆಯ ಹಣ್ಣಿನಷ್ಟಾಗುವ ಚೀಲವನ್ನು ಕೊಂಡು ತಂದುಕೊಟ್ಟೆವು. ಪಾಟಿಚೀಲದ ಭಾರದಿಂದ ಬಾಗಿದ ಮಕ್ಕಳನ್ನು ಜೀವಮಾನವೆಲ್ಲ ಕಂಡವರಾದುದರಿಂದ ಲಘುತ್ವವೊಂದೇ ಗುಣವೆಂದು ನಮಗೆ ತೋರಿತ್ತು. ಚೀಟಿಯಲ್ಲಿ ‘ನೀರು ಹಿಡಿಯದು’ ಎಂಬರ್ಥದ ಮಾತೂ ಇದ್ದಿತು.

ಆಷಾಢದ ಒಂದು ದಿನ ಆಕೆಯು ಆ ಚೀಲದಲ್ಲಿ ಯಂತ್ರವನ್ನಿಟ್ಟುಕೊಂಡು ಯಲ್ಲಾಪುರದ ನೆಂಟರ ಮನೆಗೆ ಹೋಗಿ ಕೆಲಸ ಮುಗಿಸಿ, ಸಂಜೆಯ ಬಸ್ಸಿಗೆ ತಿರುಗಿ ಬಂದಳು. ಬಸ್ಸಿನಲ್ಲಿ ನಿಲ್ಲುವದಕ್ಕೂ ಸ್ಥಳವಿರದೆ ಚೀಲವನ್ನು ಕಾಲ ಬಳಿಯಲ್ಲಿ ಇಟ್ಟಿದ್ದಳು. ನೆಲವೆಲ್ಲ ಕೊಡೆಗಳ ನೀರು. ಇಳಿದ ಮೇಲೆ ರಸ್ತೆಯಿಂದ ಮನೆಯವರೆಗೆ ತೋಟದ ದಾರಿಯಲ್ಲಿ ಕಾಲು ತಾಸಿನ ನಡಿಗೆ. ಮನೆಗೆ ಬಂದು ತೆರೆದು ನೋಡಿದರೆ ಚೀಲದ ಒಳಗೂ ಒದ್ದೆ, ಯಂತ್ರದ ಅಂಚಿಗೂ ಒದ್ದೆ. ಆಕೆಯು ಒರಸಿ ಬದಿಗಿಟ್ಟಳು. ನಾವು, “ಒಮ್ಮೆ ಚಾಲೂ ಮಾಡಿ ನೋಡು ತಂಗಿ, ಕೆಟ್ಟಿದೆಯೋ ಇಲ್ಲವೋ ತಿಳಿಯಲಿ” ಎಂದೆವು. “ಈಗ ಬೇಡ ದೊಡ್ಡಪ್ಪ, ಒಣಗಲಿ” ಎಂದಳು. ನಾವು ಬಿಡಲಿಲ್ಲ. ಹಿರಿಯರ ಮಾತನ್ನು ಮೀರಲಾರದೆ ಗುಂಡಿಯನ್ನು ಒತ್ತಿದಳು. ಪರದೆಯು ಒಮ್ಮೆ ಬೆಳಗಿ ಆರಿತು, ಮತ್ತೆ ಬೆಳಗಲಿಲ್ಲ.

ಯಂತ್ರವು ಕಂಪನಿಯದು. ಮೇಲಧಿಕಾರಿಗಳು ಬೈಯಲಿಲ್ಲ; ಆದರೆ ಇನ್ನು ಮುಂದೆ ಮಳೆಗಾಲದಲ್ಲಿ ಯಂತ್ರವನ್ನು ನಗರದಿಂದ ಹೊರಗೆ ಒಯ್ಯಕೂಡದೆಂದು ತಿಳಿಸಿದರು. ಶ್ರಾವಣದಲ್ಲಿ ಆಕೆ ಬರಲಿಲ್ಲ. ಚೌತಿಗೂ ಬರಲಿಲ್ಲ, ಆ ವಾರ ರಜೆಯು ದೊರೆಯುವಂತಿರಲಿಲ್ಲ. ಪ್ರತಿವರ್ಷದಂತೆ ನೆರೆಯವರು ಸೇರಿ ಕೈಚಕ್ಕುಲಿ ಸುತ್ತಿದರು. ನಮ್ಮ ತಮ್ಮನು ಮಗಳ ಪಾಲನ್ನು ಡಬ್ಬಿಯಲ್ಲಿ ತುಂಬಿ ಕಪಾಟಿನಲ್ಲಿಟ್ಟನು. ನಮ್ಮ ಮುಂದೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವೆನಿಸುತ್ತಿದ್ದಿತು.

ಆ ಬಳಿಕ ನಾವು ಈ ವಿಷಯವನ್ನು ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯಂತೆ ಓದಿದೆವು, ಬಲ್ಲವರನ್ನು ಕೇಳಿದೆವು, ನಾಲ್ಕಾರು ಚೀಲಗಳನ್ನು ತರಿಸಿ ಬಾವಿಕಟ್ಟೆಯ ಮೇಲೆ ನೀರು ಸುರಿದು ನೋಡಿದೆವು. ಅದರ ಸಾರವು ಹೀಗಿದೆ.

ಮೊದಲನೆಯದಾಗಿ ತಿಳಿಯಬೇಕಾದುದು, ಮಡಿಸುವ ಗುಣವೂ ಕಾಪಾಡುವ ಗುಣವೂ ಒಂದಕ್ಕೊಂದು ವಿರುದ್ಧವಾದವುಗಳು ಎಂಬುದು. ಮಡಿಯಬೇಕಾದರೆ ಬಟ್ಟೆಯು ತೆಳುವಾಗಿರಬೇಕು, ಮೆತ್ತೆಯಿರಬಾರದು. ಕಾಪಾಡಬೇಕಾದರೆ ಮೆತ್ತೆಯಿರಬೇಕು, ಬೆನ್ನಿನ ಕಡೆಗೆ ಗಟ್ಟಿಯಾದ ಹಲಗೆಯಂಥದು ಇರಬೇಕು. ಆಗ ಅದು ಮಡಿಯಲಾರದು. ಒಂದೇ ಚೀಲದಲ್ಲಿ ಎರಡನ್ನೂ ಬಯಸುವವನಿಗೆ ಎರಡೂ ಅರ್ಧರ್ಧ ದೊರೆಯುವವು. ಹಾಗಾದರೆ ಉಪಾಯವೇನು? ಎರಡು ಕೆಲಸಗಳನ್ನೂ ಎರಡು ವಸ್ತುಗಳಿಗೆ ಹಂಚಿಕೊಡುವದೇ ಉಪಾಯವು. ನಮ್ಮ ಹಿರಿಯರು ತಾಳೆಗರಿಯ ಗ್ರಂಥಗಳನ್ನು ಕಾಪಾಡಿದ ಬಗೆಯು ಇದೇ. ಗರಿಗಳಿಗೆ ರಂಧ್ರ ಮಾಡಿ ದಾರವನ್ನು ಪೋಣಿಸಿ, ಮೇಲೂ ಕೆಳಗೂ ಒಂದೊಂದು ಮರದ ಹಲಗೆಯನ್ನಿಟ್ಟು ಬಿಗಿದು, ಅದರ ಮೇಲೆ ಬಟ್ಟೆಯನ್ನು ಸುತ್ತುತ್ತಿದ್ದರು. ಪೆಟ್ಟನ್ನು ತಡೆಯುವದು ಹಲಗೆಯ ಕೆಲಸ. ಧೂಳನ್ನು ತಡೆಯುವದು ಬಟ್ಟೆಯ ಕೆಲಸ. ಅದರಂತೆಯೇ ಲ್ಯಾಪ್‌ಟಾಪಿಗೆ ಮೆತ್ತೆಯ ಕವಚವೊಂದು ಬೇರೆ, ಹೊರುವ ಚೀಲವು ಬೇರೆ. ಕವಚವು ಯಂತ್ರವನ್ನು ಎಂದೂ ಬಿಟ್ಟಿರಬಾರದು. ದೂರದ ಪ್ರಯಾಣದಲ್ಲಿ ಕವಚಸಹಿತವಾದ ಯಂತ್ರವು ದೊಡ್ಡ ಚೀಲದಲ್ಲಿರಲಿ; ಊರು ಸೇರಿದ ಮೇಲೆ ದಿನದ ಓಡಾಟಕ್ಕೆ ಮಡಿಸುವ ಚೀಲವನ್ನು ಬಿಚ್ಚಿ, ಅದೇ ಕವಚದೊಡನೆ ಯಂತ್ರವನ್ನು ಅದರಲ್ಲಿ ಇಡತಕ್ಕದ್ದು.

ಈ ಕವಚಕ್ಕೆ ಅಂಗಡಿಯಲ್ಲಿ ಸ್ಲೀವ್ ಎಂದು ಕರೆಯುವರು. ಅದು ಯಂತ್ರಕ್ಕೆ ಬಿಗಿಯಾಗಿ ಹೊಂದಬೇಕು. ಸಡಿಲವಾದರೆ ಯಂತ್ರವು ಒಳಗೆ ಅಲುಗಾಡುವದು. ಮೂಲೆಗಳಲ್ಲಿ ಮೆತ್ತೆಯು ದಪ್ಪವಾಗಿರಬೇಕು, ಯಾಕಂದರೆ ಬಿದ್ದಾಗ ಮೊದಲು ನೆಲಕ್ಕೆ ತಗಲುವದು ಮೂಲೆಯೇ. ಬೆರಳಿನಿಂದ ಒತ್ತಿ ನೋಡಿ. ಒತ್ತಿದ ತಕ್ಷಣ ಎರಡು ಪದರುಗಳು ಒಂದಕ್ಕೊಂದು ತಗಲಿದರೆ ಅಂಥದನ್ನು ಕೊಳ್ಳಬೇಡಿರಿ. ಮಡಿಸುವ ಚೀಲಕ್ಕೆ ತನ್ನದಾದ ಬೆನ್ನೆಲುಬು ಇಲ್ಲದಿರುವದರಿಂದ ಕವಚದೊಳಗಿನ ಯಂತ್ರವನ್ನು ಹೊರುವವರ ಬೆನ್ನಿಗೆ ತಾಗಿಸಿ ನಿಲ್ಲಿಸಿದರೆ ಚೀಲವು ಜೋಲುಬೀಳುವದಿಲ್ಲ. ಚೀಲದ ತಳದಲ್ಲಿ ಮಡಿಸಿದ ಪಂಚೆಯನ್ನೋ ಟವೆಲನ್ನೋ ಎರಡು ಬೆರಳು ದಪ್ಪಕ್ಕೆ ಹಾಕಿ, ಅದರ ಮೇಲೆ ಯಂತ್ರವನ್ನು ಇಡಿರಿ. ಚೀಲವನ್ನು ಸರಕ್ಕನೆ ಕೆಳಗಿಡುವದು ನಮ್ಮೆಲ್ಲರ ಅಭ್ಯಾಸವಾದುದರಿಂದ ಈ ಚಿಕ್ಕ ಹಾಸಿಗೆಯು ಎಷ್ಟೋ ಪೆಟ್ಟನ್ನು ನುಂಗಿಕೊಳ್ಳುವದು.

ಇನ್ನು ಅಳತೆ. ಲ್ಯಾಪ್‌ಟಾಪಿನ ಗಾತ್ರವನ್ನು ೧೪ ಇಂಚು, ೧೫.೬ ಇಂಚು ಎಂದು ಹೇಳುವದು ಪರದೆಯ ಕರ್ಣರೇಖೆಯ ಉದ್ದವನ್ನು; ಯಂತ್ರದ ಉದ್ದಗಲಗಳನ್ನಲ್ಲ. ೧೪ ಇಂಚಿನ ಯಂತ್ರವು ಸುಮಾರು ೩೨ ಸೆಂಟಿಮೀಟರು ಉದ್ದ, ೨೨ ಸೆಂಟಿಮೀಟರು ಅಗಲ ಇರುವದು, ೧೫.೬ ಇಂಚಿನದು ಸುಮಾರು ೩೬ಕ್ಕೆ ೨೪. ಕವಚಕ್ಕಾಗಿ ಎರಡೂ ಕಡೆಗೆ ಎರಡೆರಡು ಸೆಂಟಿಮೀಟರು ಕೂಡಿಸಿಕೊಳ್ಳಬೇಕು. ಚೀಲದ ಚೀಟಿಯಲ್ಲಿ ಲೀಟರಿನ ಲೆಕ್ಕವಷ್ಟೇ ಇರುವದು. ೨೦ ಲೀಟರಿನ ಚೀಲವು ಬುಡದಲ್ಲಿ ಅಗಲವಾಗಿದ್ದು ತಲೆಯಲ್ಲಿ ಕಿರಿದಾಗಿದ್ದರೆ ಯಂತ್ರವು ಒಳಗೆ ಹೋಗದು. ಆದುದರಿಂದ ಮನೆಯಲ್ಲಿಯೇ ಕವಚಸಹಿತವಾದ ಯಂತ್ರದ ಅಳತೆಗೆ ಒಂದು ರಟ್ಟನ್ನು ಕತ್ತರಿಸಿಕೊಂಡು ಅಂಗಡಿಗೆ ಒಯ್ಯಿರಿ. ರಟ್ಟು ಸಲೀಸಾಗಿ ಒಳಗೆ ಹೋಗಿ, ಮೇಲೆ ಜಿಪ್ಪನ್ನು ಎಳೆಯುವದಕ್ಕೆ ನಾಲ್ಕು ಬೆರಳು ಸ್ಥಳ ಉಳಿದರೆ ಆ ಚೀಲವು ಸಾಕು. ದಿನದ ಓಡಾಟಕ್ಕೆ ೧೫ರಿಂದ ೨೦ ಲೀಟರಿಗಿಂತ ಹೆಚ್ಚಿನದು ಬೇಡ. ಚೀಲವು ದೊಡ್ಡದಾದಷ್ಟೂ ಅದನ್ನು ತುಂಬುವ ಆಸೆಯು ದೊಡ್ಡದಾಗುವದು.

ಬಟ್ಟೆಯ ವಿಷಯ. ಇಂಥ ಚೀಲಗಳು ಬಹುಮಟ್ಟಿಗೆ ನೈಲಾನಿನವು. ನೈಲಾನು ೧೯೩೫ನೆಯ ಇಸವಿಯಲ್ಲಿ ಅಮೆರಿಕೆಯ ಡ್ಯೂಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ವಾಲೇಸ್ ಕ್ಯಾರೋದರ್ಸ್ ಎಂಬ ರಸಾಯನಶಾಸ್ತ್ರಜ್ಞನ ಕೈಯಲ್ಲಿ ಹುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ರೇಷ್ಮೆಗೆ ಬದಲಾಗಿ ಪ್ಯಾರಾಚೂಟುಗಳಿಗೆ ಬಂದಿತು. ದಾರದ ದಪ್ಪವನ್ನು ‘ಡೆನಿಯರ್’ ಎಂಬ ಮಾನದಿಂದ ಹೇಳುವರು. ಒಂಬತ್ತು ಸಾವಿರ ಮೀಟರು ಉದ್ದದ ದಾರವು ಎಷ್ಟು ಗ್ರಾಮು ತೂಗುವದೋ ಅಷ್ಟು ಡೆನಿಯರ್. ಒಂಬತ್ತು ಕಿಲೋಮೀಟರು ಉದ್ದದ ದಾರವು ಕೇವಲ ಮೂವತ್ತು ಗ್ರಾಮು ತೂಗಿದರೆ ಅದೆಷ್ಟು ಸೂಕ್ಷ್ಮವಾಗಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ನಾವು ತಂದುಕೊಟ್ಟ ಚೀಲವು ಅಂಥದಾಗಿದ್ದಿತು. ೨೦, ೩೦ ಡೆನಿಯರಿನ ಚೀಲವು ತರಕಾರಿಗೂ ಬಟ್ಟೆಗೂ ಸರಿ. ಲ್ಯಾಪ್‌ಟಾಪಿನ ಮೂಲೆಯು ಒತ್ತುವ ಚೀಲಕ್ಕೆ ೭೦ಕ್ಕಿಂತ ಕಡಿಮೆ ಬೇಡವೆಂದು ನಮ್ಮ ಮತವು. ತಳಭಾಗವು ೨೧೦ರದಾದರೆ ಇನ್ನೂ ಲೇಸು. ಆಗ ಚೀಲದ ತೂಕವು ಇನ್ನೂರು ಗ್ರಾಮಿನ ಆಚೆ ಈಚೆ ಬರುವದು. ಮಡಿಸಿದಾಗ ಕಿತ್ತಳೆಗೆ ಬದಲು ಚಿಕ್ಕ ತೆಂಗಿನಕಾಯಿಯಷ್ಟಾಗುವದು. ಅಷ್ಟನ್ನು ಸಹಿಸಿಕೊಳ್ಳಲೇಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಸಣ್ಣ ಸಣ್ಣ ಚೌಕಗಳು ಕಂಡರೆ ಅದು ‘ರಿಪ್‌ಸ್ಟಾಪ್’ ನೇಯ್ಗೆ. ನಡುನಡುವೆ ದಪ್ಪ ಎಳೆಗಳನ್ನು ಹಾಕಿರುವದರಿಂದ ಒಂದು ಕಡೆ ಹರಿದರೂ ಹರಕು ಮುಂದಕ್ಕೆ ಓಡದು.

ಈಗ ನೀರಿನ ವಿಷಯ. ನಾವು ಮೋಸಹೋದುದು ಇಲ್ಲಿಯೇ; ಮೋಸಮಾಡಿದವರು ಯಾರೂ ಇಲ್ಲ, ನಾವು ಚೀಟಿಯನ್ನು ಸರಿಯಾಗಿ ಓದಲಿಲ್ಲ. ನೀರನ್ನು ಜಾರಿಸುವ ಬಟ್ಟೆಯು ಬೇರೆ, ನೀರನ್ನು ತಡೆಯುವ ಬಟ್ಟೆಯು ಬೇರೆ. ಮೊದಲನೆಯದು ಕೆಸುವಿನ ಎಲೆಯಂತೆ ಹನಿಗಳನ್ನು ಉರುಳಿಸುವದು. ಆದರೆ ಮಳೆಯು ಅರ್ಧ ತಾಸು ಹಿಡಿದರೆ ಸೋಲುವದು. ಎರಡನೆಯದರಲ್ಲಿ ಬಟ್ಟೆಯ ಒಳಮೈಗೆ ರಾಳದಂಥ ಲೇಪವಿರುವದು. ಬಟ್ಟೆಯ ಮೇಲೆ ನೀರಿನ ಸ್ತಂಭವನ್ನು ನಿಲ್ಲಿಸಿ, ಎಷ್ಟು ಮಿಲಿಮೀಟರು ಎತ್ತರಕ್ಕೆ ಬಟ್ಟೆಯು ಒಸರುವದೆಂದು ಅಳೆದು ಅದರ ಬಲವನ್ನು ಹೇಳುವರು. ೧೫೦೦ ಮಿಲಿಮೀಟರು, ೩೦೦೦ ಮಿಲಿಮೀಟರು ಎಂದು ಚೀಟಿಯಲ್ಲಿ ಬರೆದಿರುವದು ಇದನ್ನೇ. ಆದರೆ ಆ ಸಂಖ್ಯೆಯು ಬಟ್ಟೆಯದು, ಚೀಲದ್ದಲ್ಲ. ಚೀಲದಲ್ಲಿ ಹೊಲಿಗೆಯುಂಟು, ಪ್ರತಿಯೊಂದು ಹೊಲಿಗೆಯಲ್ಲಿ ಸೂಜಿಯ ರಂಧ್ರಗಳುಂಟು, ಮೇಲೆ ಜಿಪ್ಪಿನ ಹಲ್ಲುಗಳ ಸಂದಿಯುಂಟು. ನೀರು ಬರುವದು ಈ ದಾರಿಗಳಿಂದ. ಮನೆಯಲ್ಲಿ ಮಾಡತಕ್ಕ ಪರೀಕ್ಷೆಯು ಸುಲಭವಾದುದು. ಚೀಲದಲ್ಲಿ ಹಳೆಯ ವರ್ತಮಾನಪತ್ರಗಳನ್ನು ತುಂಬಿ, ಜಿಪ್ಪೆಳೆದು, ಹತ್ತು ನಿಮಿಷ ತಂಬಿಗೆಯಿಂದ ಮೇಲೆಯೂ ಬದಿಗೂ ನೀರು ಹೊಯ್ದು, ಆಮೇಲೆ ನೀರು ನಿಂತ ನೆಲದ ಮೇಲೆ ಸ್ವಲ್ಪ ಹೊತ್ತು ಇಡಿರಿ. ಕಾಗದವು ಎಲ್ಲಿ ಕಪ್ಪಾಗಿದೆಯೋ ಅಲ್ಲಿ ಸೋರುವದೆಂದು ತಿಳಿಯಿರಿ. ನಾವು ಪರೀಕ್ಷಿಸಿದ ಚೀಲಗಳಲ್ಲಿ ಕಾಗದವು ಪೂರ್ಣವಾಗಿ ಒಣಗಿದ್ದುದು ಒಂದರಲ್ಲಿಯೂ ಇಲ್ಲ.

ಆದುದರಿಂದ ಚೀಲದ ಮೇಲೆ ಭರವಸೆಯಿಡದೆ ಒಳಚೀಲದ ಮೇಲೆ ಇಡತಕ್ಕದ್ದು. ಮಳೆಗಾಲಕ್ಕೆ ಅಡಿಕೆಯನ್ನು ಕೂಡಿಡುವಾಗ ಗೋಣಿಯ ಒಳಗೆ ಪ್ಲಾಸ್ಟಿಕಿನ ಚೀಲವನ್ನು ಹಾಕಿ ಬಾಯನ್ನು ಬಿಗಿಯುವದು ನಮ್ಮ ಕಡೆಯ ಗೃಹಸ್ಥರಿಗೆ ಹೊಸತಲ್ಲ. ಅಡಿಕೆಗೆ ಮಾಡುವದನ್ನು ಲ್ಯಾಪ್‌ಟಾಪಿಗೆ ಮಾಡಬಾರದೇಕೆ? ಬಾಯಿಯನ್ನು ಮೂರು ಸುತ್ತು ಸುರುಳಿ ಸುತ್ತಿ ಕೊಂಡಿ ಹಾಕುವ ‘ಡ್ರೈ ಬ್ಯಾಗ್’ ಎಂಬ ಹಗುರವಾದ ಚೀಲಗಳು ದೊರೆಯುವವು. ಕವಚಸಹಿತವಾದ ಯಂತ್ರವನ್ನು ಅದರಲ್ಲಿಟ್ಟು, ಅದನ್ನು ಮಡಿಸುವ ಚೀಲದಲ್ಲಿ ಇಡಬೇಕು. ಅದು ದೊರೆಯದಿದ್ದರೆ ದಪ್ಪನಾದ, ತೂತಿಲ್ಲದ ಪ್ಲಾಸ್ಟಿಕ್ ಚೀಲವೂ ಆದೀತು. ಚೀಲದ ಮೇಲೆ ಟೊಪ್ಪಿಗೆಯಂತೆ ಹಾಕುವ ಹೊದಿಕೆಯೂ ಒಳ್ಳೆಯದೇ; ಆದರೆ ಬೆನ್ನಿನ ಕಡೆಗೆ ಅದು ತೆರೆದಿರುವದರಿಂದ ಕೊಡೆಯಿಂದ ಹಿಂದಕ್ಕೆ ಇಳಿದ ನೀರು ಅಂಗಿಯ ಮೂಲಕ ಚೀಲಕ್ಕೆ ಸೇರುವದನ್ನು ಅದು ತಪ್ಪಿಸಲಾರದು. ಕಂಬಳಿಯ ಕೊಪ್ಪೆಯು ತಲೆಯಿಂದ ಬೆನ್ನಿನವರೆಗೆ ಒಂದೇ ಆಗಿ ಮುಚ್ಚುತ್ತಿದ್ದುದರಿಂದ ಹಿಂದಿನವರಿಗೆ ಈ ತೊಂದರೆಯಿರಲಿಲ್ಲ. ಈಗಲೂ ಚೀಲವನ್ನು ಹೊತ್ತು ಅದರ ಮೇಲೆ ಮಳೆಯಂಗಿಯನ್ನು ತೊಡುವದು ಎಲ್ಲಕ್ಕೂ ಮೇಲು. ಕುಡಿಯುವ ನೀರಿನ ಬಾಟಲಿಯನ್ನು ಮಾತ್ರ ಎಂದೂ ಯಂತ್ರದ ಜೊತೆಗೆ ಒಳಗೆ ಇಡಬಾರದು. ಹೊರಗಿನ ಮಳೆಗೆ ಹೆದರಿ ಒಳಗೆ ಕೆರೆಯನ್ನು ಕಟ್ಟಿಕೊಂಡಂತಾಗುವದು.

ಭಾರದ ಮಾತನ್ನು ಹೇಳದಿದ್ದರೆ ಮಾಸ್ತರಿಕೆಗೆ ಕುಂದು. ೧೯೮೧ನೆಯ ಇಸವಿಯಲ್ಲಿ ಅಮೆರಿಕೆಯಲ್ಲಿ ಮಾರಾಟಕ್ಕೆ ಬಂದ ಆಸ್‌ಬೋರ್ನ್ ಎಂಬ ‘ಒಯ್ಯತಕ್ಕ’ ಗಣಕಯಂತ್ರವು ಸುಮಾರು ಹನ್ನೊಂದು ಕಿಲೋ ತೂಗುತ್ತಿದ್ದಿತು. ಇಂದಿನವು ಒಂದೂಕಾಲರಿಂದ ಎರಡೂಕಾಲು ಕಿಲೋದೊಳಗೆ ಇವೆ. ಆದರೂ ಲೆಕ್ಕ ಹಾಕಿ ನೋಡಿರಿ: ಯಂತ್ರ ಒಂದೂವರೆ ಕಿಲೋ, ಕವಚ ೨೫೦ ಗ್ರಾಮು, ಚಾರ್ಜರು ೩೦೦, ನೀರು ತುಂಬಿದ ಬಾಟಲಿ ೧೧೦೦, ಕೊಡೆ ೪೦೦, ಬುತ್ತಿ ೫೦೦, ಚೀಲ ೨೦೦, ಒಟ್ಟು ನಾಲ್ಕೂಕಾಲು ಕಿಲೋ. ಶಾಲೆಯ ಮಕ್ಕಳ ಚೀಲವು ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದು ೨೦೨೦ನೆಯ ಇಸವಿಯ ರಾಷ್ಟ್ರೀಯ ಶಾಲಾಚೀಲ ನೀತಿಯು ಹೇಳುವದು. ದೊಡ್ಡವರೂ ಅದೇ ಸೂತ್ರವನ್ನು ಹಿಡಿದರೆ ತಪ್ಪಿಲ್ಲ. ಐವತ್ತು ಕಿಲೋ ತೂಗುವ ಹೆಣ್ಣುಮಗಳಿಗೆ ಐದು ಕಿಲೋ. ಮೇಲಿನ ನಾಲ್ಕೂಕಾಲು ಕಿಲೋದಲ್ಲಿ ಚೀಲದ ಪಾಲು ಇನ್ನೂರೇ ಗ್ರಾಮು ಎಂಬುದನ್ನು ಗಮನಿಸಿರಿ. ನಾವು ಚೀಲದಲ್ಲಿ ನೂರು ಗ್ರಾಮನ್ನು ಉಳಿಸಹೋಗಿ ಯಂತ್ರವನ್ನೇ ಕಳೆದೆವು. ಅಲ್ಲಿ ಉಳಿಸುವದಕ್ಕಿಂತ ಬೇಡವಾದ ಒಂದು ವಸ್ತುವನ್ನು ಮನೆಯಲ್ಲಿ ಬಿಡುವದು ಜಾಣತನ. ಪಟ್ಟಿಗಳು ಐದು ಸೆಂಟಿಮೀಟರಾದರೂ ಅಗಲವಿರಲಿ; ದಾರದಂಥ ಪಟ್ಟಿಗಳು ಹೆಗಲನ್ನು ಕೊಯ್ಯುವವು. ಎರಡೂ ಹೆಗಲಿಗೆ ಹಾಕಿಕೊಂಡೇ ನಡೆಯಬೇಕು. ಹಸುಬೆಯ ಚೀಲದಲ್ಲಿ ಎರಡೂ ಕಡೆಗೆ ಸಮಭಾರ ಹಾಕುತ್ತಿದ್ದ ನಮ್ಮ ಅಜ್ಜಂದಿರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ.

ಬಸ್ಸಿನಲ್ಲಿ ಚೀಲವನ್ನು ನೆಲದ ಮೇಲೂ, ಮೇಲಿನ ಹಲಗೆಯ ಮೇಲೂ ಇಡಬೇಡಿರಿ. ನೆಲದ ಮೇಲೆ ನೀರು, ಮೇಲೆ ಇಟ್ಟರೆ ಘಟ್ಟದ ತಿರುವಿನಲ್ಲಿ ಬೀಳುವ ಭಯ. ಕುಳಿತಿದ್ದರೆ ತೊಡೆಯ ಮೇಲೆ, ನಿಂತಿದ್ದರೆ ಎದೆಯ ಕಡೆಗೆ ತಿರುಗಿಸಿ ಹಾಕಿಕೊಳ್ಳುವದು. ಜಿಪ್ಪಿನ ಮೇಲೆ ಅನ್ಯರ ಕೈ ಬೀಳುವ ಹೆದರಿಕೆಯೂ ತಪ್ಪುವದು. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ವಿಮಾನದಲ್ಲಿ ಹೋಗುವವರಿಗೆ ಮಡಿಸಿದ ಚೀಲವು ಇನ್ನೊಂದು ಉಪಕಾರ ಮಾಡುವದು. ಒಮ್ಮೊಮ್ಮೆ ಒಳಗೆ ಸ್ಥಳ ಸಾಲದೆಂದು ಕೈಪೆಟ್ಟಿಗೆಯನ್ನು ಬಾಗಿಲಲ್ಲಿಯೇ ತೆಗೆದುಕೊಂಡು ವಿಮಾನದ ಹೊಟ್ಟೆಗೆ ಕಳಿಸುವರು. ಪವರ್ ಬ್ಯಾಂಕನ್ನೂ ಬಿಡಿಯಾದ ಲಿಥಿಯಂ ಬ್ಯಾಟರಿಗಳನ್ನೂ ಅಲ್ಲಿಗೆ ಕಳಿಸಕೂಡದೆಂಬುದು ನಿಯಮವು. ಅವು ಪ್ರಯಾಣಿಕರ ಜೊತೆಯಲ್ಲಿಯೇ ಇರಬೇಕು. ಆಗ ಜೇಬಿನಿಂದ ಮಡಿಸಿದ ಚೀಲವನ್ನು ತೆಗೆದು, ಲ್ಯಾಪ್‌ಟಾಪು, ಪವರ್ ಬ್ಯಾಂಕು, ಔಷಧಿಗಳು ಇಷ್ಟನ್ನು ಅದರಲ್ಲಿ ಹಾಕಿಕೊಂಡರೆ ಗಲಿಬಿಲಿಯಿಲ್ಲ.

ಚೀಲದ ಪಾಲನೆ ಗೃಹಿಣಿಯರ ಕೈಯಲ್ಲಿ ಸುಲಭ. ಒದ್ದೆಯಾದ ಚೀಲವನ್ನು ಮಡಿಸಿ ಇಟ್ಟರೆ ಎರಡು ದಿನದಲ್ಲಿ ಬೂಷ್ಟು. ವರ್ಷಗಳು ಕಳೆದಂತೆ ಒಳಗಿನ ಲೇಪವು ಅಂಟಂಟಾಗಿ ಸಿಪ್ಪೆಯೇಳುವದು. ಬಿಚ್ಚಿ, ಒಳಗನ್ನು ಹೊರಗು ಮಾಡಿ, ನೆರಳಿನಲ್ಲಿ ಆರಹಾಕಬೇಕು. ಬಚ್ಚಲೊಲೆಯ ಹತ್ತಿರ ಹಾಕಿದರೆ ಬೇಗ ಒಣಗುವದೆಂಬ ಆಸೆಯು ಬೇಡ. ಬಿಸಿಯು ಲೇಪವನ್ನು ಕೆಡಿಸುವದು. ಬಳಸದ ತಿಂಗಳುಗಳಲ್ಲಿ ಚಿಕ್ಕ ಪೊಟ್ಟಣದಲ್ಲಿ ಬಿಗಿದಿಡದೆ ಸಡಿಲವಾಗಿ ತೂಗುಹಾಕಿದರೆ ಬಾಳಿಕೆ ಹೆಚ್ಚು.

ಇಷ್ಟೆಲ್ಲ ಮಾಡಿದರೂ ಯಂತ್ರವು ನೆನೆದರೆ? ಇಲ್ಲಿ ವಾಚಕರು ನಮ್ಮ ಮಾತನ್ನು ಲಕ್ಷ್ಯವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇವೆ. ನಡೆಯುತ್ತಿರುವ ಯಂತ್ರವಾದರೆ ತಕ್ಷಣ ಆರಿಸಿರಿ. ನಿಂತಿರುವ ಯಂತ್ರವಾದರೆ ಚಾಲೂ ಮಾಡಲೇಬೇಡಿರಿ. ಚಾರ್ಜರನ್ನು ಸಿಕ್ಕಿಸಬೇಡಿರಿ. ನೀರು ತಾನಾಗಿ ಮಾಡುವ ಕೇಡಿಗಿಂತ ನೀರಿದ್ದಾಗ ವಿದ್ಯುತ್ತು ಹರಿದು ಮಾಡುವ ಕೇಡು ದೊಡ್ಡದು. ಹೊರಗನ್ನು ಒರಸಿ, ಯಂತ್ರವನ್ನು ಅರ್ಧ ತೆರೆದು, ಗುಡಾರದಂತೆ ಬೋರಲಾಗಿ ನಿಲ್ಲಿಸಿ, ನೀರು ಇಳಿಯಲಿಕ್ಕೆ ಬಿಟ್ಟು, ಬಲ್ಲವರ ಬಳಿಗೆ ಒಯ್ಯಿರಿ. ಅಕ್ಕಿಯಲ್ಲಿ ಹುಗಿಯುವದರಿಂದ ಲಾಭವಿಲ್ಲ. ಅಕ್ಕಿಯ ಹುಡಿಯು ಸಂದುಗಳಲ್ಲಿ ಸೇರುವದಷ್ಟೇ. ‘ಒಮ್ಮೆ ನೋಡಿಬಿಡೋಣ’ ಎಂಬ ಆತುರಕ್ಕೆ ಮನೆಯ ಹಿರಿಯರು ಅವಕಾಶ ಕೊಡಬಾರದು. ಯಂತ್ರದೊಳಗಿನ ಬರಹಗಳ ಇನ್ನೊಂದು ಪ್ರತಿಯು ಬೇರೆ ಕಡೆಯಲ್ಲಿ ಸದಾ ಇರತಕ್ಕದ್ದು. ನಮ್ಮ ಮಗಳಿಗೆ ಅದು ಇದ್ದುದರಿಂದ ಕೆಲಸವು ಉಳಿಯಿತು. ಯಂತ್ರವು ಮಾತ್ರ ಹೋಯಿತು.

ಈ ಎಲ್ಲ ಸಂಗತಿಗಳನ್ನು ನಾವು ಒಂದು ಹಾಳೆಯಲ್ಲಿ ಬರೆದು ಆಕೆಗೆ ಕಳುಹಿಸಿದೆವು. ಆಕೆಯು ಕವಚವನ್ನೂ, ಒಳಚೀಲವನ್ನೂ, ಸ್ವ ಪರೀಕ್ಷಿಸಿ ಹೊಸ ಚೀಲವನ್ನೂ ಕೊಂಡು, ಯಂತ್ರವನ್ನು ಹೇಗೆ ಒಯ್ಯುವೆನೆಂಬುದನ್ನು ವಿವರವಾಗಿ ಬರೆದು ಮೇಲಧಿಕಾರಿಗಳ ಮುಂದಿಟ್ಟಳು. ಅವರು ಓದಿ, ನವರಾತ್ರಿಗೆ ಒಂದು ವಾರದ ಅನುಮತಿಯನ್ನು ಕೊಟ್ಟರು. ಹಸ್ತಾ ಮಳೆಯು ಸುರಿಯುತ್ತಿದ್ದ ಸಂಜೆಯಲ್ಲಿ ಮೈಯೆಲ್ಲ ತೊಯ್ದು ಅಂಗಳಕ್ಕೆ ಬಂದಳು. ಆಯಿಯು ತಲೆ ಒರಸಿಕೊಳ್ಳಲಿಕ್ಕೆ ಬಟ್ಟೆ ತರುವಷ್ಟರಲ್ಲಿ ಜಗುಲಿಯ ಮೇಲೆ ಕುಳಿತು ಮೊದಲು ಚೀಲವನ್ನು, ಆಮೇಲೆ ಒಳಚೀಲವನ್ನು, ಆಮೇಲೆ ಕವಚವನ್ನು ಬಿಚ್ಚಿದಳು. ಯಂತ್ರವು ಒಣಗಿಯೇ ಇದ್ದಿತು. ಕೈಯಿಂದ ಮುಟ್ಟಿ ನೋಡಿ ನಮ್ಮ ಕಡೆಗೆ ತಿರುಗಿ, “ದೊಡ್ಡಪ್ಪ, ಚಾಲೂ ಮಾಡಲೇ?” ಎಂದಳು. ನಾವು, “ಅದು ನಿನಗೆ ತಿಳಿದ ವಿಷಯ ತಂಗಿ, ನೀನು ಹೇಗೆ ಹೇಳುತ್ತೀಯೋ ಹಾಗೆ” ಎಂದೆವು. ತಮ್ಮನು ಒಳಗಿನಿಂದ ನಕ್ಕುದು ಕೇಳಿಸಿತು. ಶಾರದಾಪೂಜೆಯ ದಿನ ನಮ್ಮ ಹಳೆಯ ಅಮರಕೋಶದ ಪಕ್ಕದಲ್ಲಿ ಆ ಯಂತ್ರಕ್ಕೂ ಒಂದು ಹೂವು ಬಿದ್ದಿತು.

ನಮ್ಮ ವಾಚಕರಲ್ಲಿ ಮಕ್ಕಳನ್ನು ಹೀಗೆ ಕಾದು ಕುಳಿತವರು ಅನೇಕರಿದ್ದಾರೆಂದು ಬಲ್ಲೆವು. ಅವರು ತಮ್ಮ ಅನುಭವಗಳನ್ನು ಬರೆದು ತಿಳಿಸಿದರೆ ಉಪಕಾರವಾಗುವದು. ಇತ್ಯಲಂ.